ಪಾಯಿಂಟ್ ಕೂಡಿಡಬೇಡಿ, ಲೆಕ್ಕ ಹಾಕಿ ಬಳಸಿ

ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗಳನ್ನು ಎಫ್‌ಡಿ ಥರ ಕೂಡಿಡುವವರು ಬಹಳ ಜನ ಇದ್ದಾರೆ. ‘ಎರಡು ಲಕ್ಷ ಆಗಲಿ, ಆಮೇಲೆ ಮನೆಮಂದಿಯೆಲ್ಲ ಸಿಂಗಪುರಕ್ಕೆ ಹೋಗೋಣ’ ಅಂತ ಕಾಯುತ್ತಾರೆ. ದಯವಿಟ್ಟು ಹಾಗೆ ಕಾಯಬೇಡಿ. ಪಾಯಿಂಟ್‌ಗೆ ಬಡ್ಡಿ ಬರುವುದಿಲ್ಲ. ಇವತ್ತು 20,000 ಪಾಯಿಂಟ್‌ಗೆ ಸಿಗುವ ವಿಮಾನದ ಸೀಟಿಗೆ ಮುಂದಿನ ವರ್ಷ 25,000 ಕೇಳಿದರೆ ಯಾರ ಹತ್ತಿರವೂ ಜಗಳ ಆಡುವಂತಿಲ್ಲ. ಏರ್‌ಲೈನೇ ಇಲ್ಲವಾಗುವುದೂ ಉಂಟು: ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಹಾರಾಟ ನಿಲ್ಲಿಸಿತು. ವಿಸ್ತಾರಾ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದೊಳಗೆ ಸೇರಿತು. ವಿಸ್ತಾರಾ ಪಾಯಿಂಟ್‌ಗಳೇನೋ ಅಲ್ಲಿಗೆ ಹೋದವು, ನಿಯಮಗಳು ಮಾತ್ರ ಹೊಸ ಮನೆಯವು. ಕಾರ್ಡ್ ಪಾಯಿಂಟ್‌ಗಳನ್ನು ಏರ್‌ಲೈನ್‌ಗೆ ವರ್ಗಾಯಿಸಿದರೆ ಅವು ಅದರ ‘ಮೈಲ್’ ಅಂದರೆ ಏರ್‌ಲೈನ್‌ನದೇ ಪಾಯಿಂಟ್ ಆಗುತ್ತವೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಯೋಜನೆಯ ಮೈಲ್‌ಗಳಿಗೆ ಸಾಮಾನ್ಯವಾಗಿ ಮೂರೇ ವರ್ಷ ಆಯಸ್ಸು.

ಹಾಗಾದರೆ ಒಂದು ಪಾಯಿಂಟ್‌ನ ಬೆಲೆ ಎಷ್ಟು? ಬೆಂಗಳೂರಿಂದ ಸಿಂಗಪುರಕ್ಕೆ ದುಡ್ಡು ಕೊಟ್ಟರೆ ₹24,000 ಅಂದುಕೊಳ್ಳಿ. ಅದೇ ಸೀಟು ಮೈಲ್‌ನಲ್ಲಿ 20,000, ಜೊತೆಗೆ ತೆರಿಗೆ ಮತ್ತಿತರ ಶುಲ್ಕ ₹6,000. ‘ಫ್ರೀ ಟಿಕೆಟ್’ ಅನ್ನುವವರು ಮರೆಯುವುದು ಈ ಆರು ಸಾವಿರವನ್ನೇ. ಉಳಿದದ್ದು ₹18,000, ಅದನ್ನು 20,000ದಿಂದ ಭಾಗಿಸಿದರೆ ಮೈಲ್‌ಗೆ 90 ಪೈಸೆ. ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ನಿಮ್ಮ ಕಾರ್ಡ್‌ನ ಎರಡು ಪಾಯಿಂಟ್ ಸೇರಿ ಒಂದು ಮೈಲ್ ಆಗುವುದಾದರೆ ಕೈಗೆ ಬಂದದ್ದು ಪಾಯಿಂಟ್‌ಗೆ 45 ಪೈಸೆ. ಬ್ಯಾಂಕಿನ ಟ್ರಾವೆಲ್ ಪೋರ್ಟಲ್‌ನಲ್ಲಿ (ಟಿಕೆಟ್ ಬುಕ್ ಮಾಡುವ ಅದರದೇ ಸೈಟ್) ಅದೇ ಪಾಯಿಂಟ್‌ಗೆ 50 ಪೈಸೆ ಕೊಡುತ್ತಿದ್ದರೆ ವರ್ಗಾಯಿಸುವುದೇ ನಷ್ಟ. ಅದನ್ನೇ ಬಿಲ್ಲಿಗೆ ವಜಾ ಮಾಡಿಸಿಕೊಂಡರೆ 20 ಪೈಸೆಯೋ 30 ಪೈಸೆಯೋ ಸಿಕ್ಕೀತು. ಪಾಯಿಂಟ್ ಒಂದೇ, ಬೆಲೆ ಮೂರು.

ವರ್ಗಾವಣೆಯಲ್ಲೇ ಜನ ಹೆಚ್ಚು ಕೆಡುವುದು. ಬ್ಯಾಂಕಿಂದ ಏರ್‌ಲೈನ್‌ಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಅದಕ್ಕೆ ಮೊದಲು ಏರ್‌ಲೈನ್ ಸೈಟಿಗೆ ಲಾಗಿನ್ ಆಗಿ, ನಿಮಗೆ ಬೇಕಾದ ತಾರೀಕಿಗೆ ಬೇಕಾದಷ್ಟು ಸೀಟು ಇದೆಯಾ ನೋಡಿ. ನಾಲ್ಕು ಜನಕ್ಕೆ ಹುಡುಕುವಾಗ ನಾಲ್ಕು ಅಂತಲೇ ಹಾಕಿ. ಒಂದು ಸೀಟು ಕಂಡಿತು ಅಂದಮಾತ್ರಕ್ಕೆ ನಾಲ್ಕೂ ಇರುತ್ತವೆ ಅಂತಲ್ಲ. ಪಾಯಿಂಟ್ ಹೋಗಿ ಸೇರಲು ಕೆಲವೊಮ್ಮೆ ದಿನಗಳೇ ಬೇಕು, ಅಷ್ಟರಲ್ಲಿ ಸೀಟು ಹೋಗಬಹುದು ಅನ್ನುವುದೂ ತಲೆಯಲ್ಲಿರಲಿ. ದಸರಾ, ಬೇಸಿಗೆ ರಜೆಗೆ ಹೊರಡುವವರು ಹತ್ತು ತಿಂಗಳ ಮುಂಚೆಯೇ ಹುಡುಕಲು ಶುರುಮಾಡಬೇಕು. ಸಿಂಗಪುರ ಏರ್‌ಲೈನ್ಸ್ 355 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ, ಅದು ಇನಿಷಿಯಲ್. ಕಾರ್ಡ್ ಮೇಲೆ ‘ಬಿ. ಎಸ್.’ ಅಂತಷ್ಟೇ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಬಿಡಿಸಿ ಬರೆದಿರುತ್ತಾರೆ. ಏರ್‌ಲೈನ್ ಖಾತೆಯ ಹೆಸರು ಬ್ಯಾಂಕಿನ ದಾಖಲೆಗೆ ತಾಳೆಯಾಗದಿದ್ದರೆ ವರ್ಗಾವಣೆ ನಿಲ್ಲುತ್ತದೆ. ಪಾಸ್‌ಪೋರ್ಟಿಗೆ ತಾಳೆಯಾಗದಿದ್ದರೆ ಟಿಕೆಟ್ಟಿಗೇ ತೊಂದರೆ. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆಯಿರಿ, ಬ್ಯಾಂಕಿನಲ್ಲೂ ಸರಿ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ಪ್ರತಿ ತಿಂಗಳೂ ಬಿಲ್ ಪೂರ್ತಿ ಕಟ್ಟುವವರಿಗೆ. ₹60,000 ಬಾಕಿ ಉಳಿಸಿದರೆ ತಿಂಗಳಿಗೆ ಶೇ. 3.75ರಂತೆ ₹2,250 ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ ₹405. ಅದೇ ಅರವತ್ತು ಸಾವಿರಕ್ಕೆ ಶೇ. 2ರ ಲೆಕ್ಕದಲ್ಲಿ ಬರುವ ಪಾಯಿಂಟ್‌ಗಳ ಬೆಲೆ ₹1,200. ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೂ ಈ ಉಸಾಬರಿ ಬೇಡ. ವಾರ್ಷಿಕ ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡೇ ಸಾಕು.

ಹೊರದೇಶಕ್ಕೆ ಹೋದಾಗಿನ ಖರ್ಚನ್ನೂ ನೋಡಿ. ಅನೇಕ ಕಾರ್ಡ್‌ಗಳಲ್ಲಿ ಫಾರೆಕ್ಸ್ ಶುಲ್ಕ (ವಿದೇಶಿ ಹಣದ ಖರ್ಚಿಗೆ ಬ್ಯಾಂಕ್ ಹಾಕುವುದು) ಶೇ. 3.5, ಜಿಎಸ್‌ಟಿ ಸೇರಿ ಶೇ. 4.13. ಲಕ್ಷ ರೂಪಾಯಿಗೆ ₹4,130. ಅಂಗಡಿಯ ಸ್ವೈಪ್ ಮಷಿನ್ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಅವರೊಂದಿಷ್ಟು ಸೇರಿಸಿಕೊಳ್ಳುತ್ತಾರೆ, ಅದರ ಮೇಲೆ ನಿಮ್ಮ ಬ್ಯಾಂಕೂ ಶುಲ್ಕ ಹಾಕಬಹುದು.