ಕೂತವನ ಕಾಲಿಗೆ ಕಾಡು ಹತ್ತಿರ

ಕಾಡಿಗೆ ಹೋಗಲು ಪ್ಲಾನ್ ಹಾಕುವವನು ಒಬ್ಬ, ಹೋಗುವವನು ಇನ್ನೊಬ್ಬ. ಇಬ್ಬರ ಹೆಸರೂ ಒಂದೇ, ಇಬ್ಬರೂ ಹಾಕುವ ಚಪ್ಪಲಿಯೂ ಒಂದೇ. ಆದರೂ ಒಬ್ಬನ ಮುಖ ಇನ್ನೊಬ್ಬ ನೋಡಿರುವುದಿಲ್ಲ. ಪ್ಲಾನ್ ಹಾಕುವವನು ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿರುತ್ತಾನೆ. ಅವನ ಮುಂದೆ 1:50,000 ಅಳತೆಯ ನಕ್ಷೆ ಇರುತ್ತದೆ. ಅದರಲ್ಲಿ 10 ಕಿಲೋಮೀಟರ್ ಅಂದರೆ 20 ಸೆಂಟಿಮೀಟರ್, ಅಂದರೆ ಸುಮಾರಾಗಿ ಒಂದು ಗೇಣು. ಗೇಣು ದೂರಕ್ಕೆ ಯಾರಾದರೂ ಹೆದರುತ್ತಾರೆಯೇ? ಹೆಬ್ಬೆರಳನ್ನು ಗೇಟಿನ ಮೇಲಿಟ್ಟು ಕಿರುಬೆರಳನ್ನು ಕೆರೆಯ ಮೇಲಿಟ್ಟರೆ ಮೊದಲ ದಿನದ ನಡಿಗೆ ಮುಗಿಯಿತು. ಬೆರಳಿಗೆ ಬೆವರೂ ಬರುವುದಿಲ್ಲ.

ನಮ್ಮ ತಂಡ ಹೀಗಿದೆ: ನಾನು, ನನ್ನ ಹೆಂಡತಿ, ಅವಳ ಅಣ್ಣ ಅಂದರೆ ನಮ್ಮ ಭಾವ, ಮತ್ತೆ ಆಫೀಸಿನ ಗೆಳೆಯನೊಬ್ಬ. ಕಾರು ನಿಲ್ಲಿಸಿ, ಪಕ್ಕದಲ್ಲೇ ಟೆಂಟ್ ಹಾಕಿ, ಡಿಕ್ಕಿಯಿಂದ ಮಡಚುವ ಕುರ್ಚಿ ತೆಗೆದು ಕೂರುವ ಕ್ಯಾಂಪಿಂಗ್ ನಮಗೆ ಬೇಡವೆಂದು ತೀರ್ಮಾನವಾಗಿತ್ತು. ರಸ್ತೆ ಮುಗಿದ ಮೇಲೆ ಶುರುವಾಗುತ್ತದಲ್ಲ, ಆ ಕಾಡಿಗೇ ಹೋಗಬೇಕು. ಮನೆ, ಅಡುಗೆಮನೆ, ಹಾಸಿಗೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯಬೇಕು. ಇದನ್ನು ತೀರ್ಮಾನಿಸಿದಾಗಲೂ ಎಲ್ಲರೂ ಕೂತೇ ಇದ್ದರು ಅನ್ನುವುದನ್ನು ಓದುಗರು ಗಮನಿಸಬೇಕು.

ತಕ್ಷಣ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಭಾವ ದಿನಕ್ಕೊಂದು ವಿಡಿಯೋ ಹಾಕತೊಡಗಿದರು. ಗಡ್ಡದವನೊಬ್ಬ ಮಳೆಯಲ್ಲಿ ಬೆಂಕಿ ಹೊತ್ತಿಸುವುದು, ಗಡ್ಡದ ಇನ್ನೊಬ್ಬ ಮಳೆಯಿಲ್ಲದೆಯೂ ಬೆಂಕಿ ಹೊತ್ತಿಸಲಾಗದೆ ಒದ್ದಾಡುವುದು. ಗೆಳೆಯ ಎಲ್ಲದಕ್ಕೂ ಹೆಬ್ಬೆರಳು ಎತ್ತಿದ. ಹೋಗುವ ದಿನಕ್ಕೂ ಹೆಬ್ಬೆರಳು, ಆ ದಿನ ಬೇಡ ಅನ್ನುವುದಕ್ಕೂ ಹೆಬ್ಬೆರಳು. ಇಂಥವರು ಎಲ್ಲ ಗುಂಪಿನಲ್ಲೂ ಇರುತ್ತಾರೆ, ಇರಬೇಕು ಕೂಡ. ಎಲ್ಲರಿಗೂ ಅಭಿಪ್ರಾಯ ಇದ್ದರೆ ಯಾವ ತಂಡವೂ ಗೇಟು ದಾಟುವುದಿಲ್ಲ.

ಮೊದಲ ಪೆಟ್ಟು ಪರ್ಮಿಟ್‌ನಿಂದ ಬಿತ್ತು. ಕಾಡು ಅಂದರೆ ಎಲ್ಲಿ ಬೇಕಾದರೂ ಬಿದ್ದುಕೊಳ್ಳಬಹುದು ಎಂದು ಭಾವ ನಂಬಿದ್ದರು. ಒಳಗಾಡಿನ ಕ್ಯಾಂಪಿಂಗ್‌ಗೆ ಬಿಡುವ ಉದ್ಯಾನಗಳು ಹಾಗೆಲ್ಲ ಬಿಡುವುದಿಲ್ಲ. ಒಂದು ರಾತ್ರಿಗೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಜನಪ್ರಿಯ ಜಾಗಗಳ ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ತೆರೆದು, ಹಲವು ಕಡೆ ಕೆಲವೇ ನಿಮಿಷಗಳಲ್ಲಿ ಮುಗಿದೂ ಹೋಗುತ್ತದೆ. ಅರ್ಜಿಯಲ್ಲಿ ಯಾವ ರಾತ್ರಿ ಯಾವ ತಾಣ ಎಂದು ಮೊದಲೇ ಬರೆಯಬೇಕು. ಅಂದರೆ ಸೋಫಾದವನು ಸಹಿ ಹಾಕುತ್ತಾನೆ, ನಡೆಯುವವನು ಸಾಲ ತೀರಿಸುತ್ತಾನೆ. ‘ಆವತ್ತು ನನ್ನ ಮೊಣಕಾಲು ಹೇಗಿರುತ್ತೋ ಈಗಲೇ ಹೇಗೆ ಹೇಳಲಿ?’ ಎಂದು ಭಾವ ಅರ್ಜಿಯನ್ನೇ ಕೇಳಿದರು. ಅದರಲ್ಲಿ ಮೊಣಕಾಲಿಗೆ ಜಾಗವಿರಲಿಲ್ಲ.

ಇನ್ನು ವೇಳಾಪಟ್ಟಿ. ಇದಕ್ಕೊಂದು ಹಳೆಯ ಲೆಕ್ಕವಿದೆ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿಕೊಟ್ಟದ್ದು. ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಮೊದಲ ದಿನ 10 ಕಿಲೋಮೀಟರ್, 600 ಮೀಟರ್ ಏರು. ಮೂರು ಗಂಟೆ. ಊಟದ ಹೊತ್ತಿಗೆ ಕೆರೆ! ನಾನು ಕಾಗದದ ಮೇಲೆ ಬರೆದು ಅಡಿಗೆರೆ ಎಳೆದೆ.

ನನ್ನ ಹೆಂಡತಿ ಬಂದು ನೋಡಿದಳು. ‘ರೀ, ಈ ಪುಣ್ಯಾತ್ಮ ಅಣ್ಣನ ಜೊತೆ ನಡೆದಿದ್ನಾ?’

ಇಲ್ಲ. ನೇಸ್ಮಿತ್ತನ ಲೆಕ್ಕ ಗಟ್ಟಿಮುಟ್ಟಾದವರಿಗೆ. ಅದರಲ್ಲಿ ವಿಶ್ರಾಂತಿ ಇಲ್ಲ. ಶೂ ಲೇಸು ಬಿಚ್ಚಿ ಮತ್ತೆ ಕಟ್ಟುವುದು, ಬೆಟ್ಟದ ಮೇಲೆ ಸಿಗ್ನಲ್ ಸಿಗಬಹುದೆಂದು ಕೈಯೆತ್ತಿ ನಿಲ್ಲುವುದು, ಅಣಬೆಯೊಂದರ ಮುಂದೆ ಮಂಡಿಯೂರಿ ಬೇರೆ ಬೇರೆ ಕೋನದಿಂದ ಫೋಟೋ ತೆಗೆಯುವುದು, ಯಾವುದೂ ಇಲ್ಲ. ಭಾವನ ಅಂಶವೆಂದು ಅವಳು ಎರಡರಿಂದ ಗುಣಿಸಿದಳು. ಮೂರು ಗಂಟೆ ಆರಾಯಿತು, ಊಟ ಕಾಡಿನ ಮಧ್ಯಕ್ಕೆ ಬಂತು. ‘ನಾನೇನು ಅಷ್ಟು ನಿಧಾನವೇ?’ ಎಂದು ಭಾವ ನನ್ನನ್ನು ಕೇಳಿದರು. ತಂಗಿಯನ್ನು ಕೇಳುವ ಧೈರ್ಯ ಅವರಿಗೂ ಇಲ್ಲ.

ನಿಜವಾದ ಯುದ್ಧ ನಡೆದದ್ದು ತೂಕದ ಯಂತ್ರದ ಮೇಲೆ. ಹೊರೆ ದೇಹದ ತೂಕದ ಐದನೇ ಒಂದು ಭಾಗ ದಾಟದಿರಲಿ ಎನ್ನುವುದು ಅನುಭವಿಗಳ ಮಾತು. 70 ಕಿಲೋ ಮನುಷ್ಯನಿಗೆ 14 ಕಿಲೋ. ಕೇಳಲು ಧಾರಾಳವಾಗಿಯೇ ಇದೆ. ಆದರೆ ಮೂರು ಲೀಟರ್ ನೀರು ಅಂದರೆ ಮೂರು ಕಿಲೋ, ಅದರಲ್ಲಿ ಯಾವ ಕಂಪನಿಯೂ ಹಗುರ ಮಾದರಿ ತಂದಿಲ್ಲ. ಟೆಂಟು, ಮ್ಯಾಟು, ಸ್ಟವ್ವು, ಊಟ ಸೇರಿದ ಮೇಲೆ ಭಾವನ ಬ್ಯಾಗನ್ನು ಯಂತ್ರದ ಮೇಲೆ ಇಟ್ಟೆವು. ಮುಳ್ಳು ಹೋದ ಜಾಗ ನೋಡಿ ಎಲ್ಲರೂ ಸ್ವಲ್ಪ ಹೊತ್ತು ಮೌನವಾದೆವು. ‘ಯಂತ್ರ ಕೆಟ್ಟಿದೆ’ ಎಂದರು ಭಾವ. ಬಿಚ್ಚಿದಾಗ ಸಿಕ್ಕಿದ್ದು: ಕೊಡಲಿ, ಇನ್ನೊಂದು ಸಣ್ಣ ಕೊಡಲಿ (ಮೊದಲನೆಯದು ಕಳೆದರೆ ಇರಲಿ ಎಂದು), ಬ್ಲೂಟೂತ್ ಸ್ಪೀಕರ್, ಇಸ್ತ್ರಿ ಮಾಡಿದ ಅಂಗಿ. ಅಂಗಿ ಯಾಕೆ ಎಂದರೆ ‘ವಾಪಸ್ ಬರೋವಾಗ ಮನುಷ್ಯರ ಥರ ಕಾಣಬೇಡವಾ’ ಎಂಬ ಉತ್ತರ ಬಂತು.

ಕೊಡಲಿಗಳ ಬಗ್ಗೆ ಉದ್ಯಾನದ ನಿಯಮ ಓದಿ ಹೇಳಬೇಕಾಯಿತು. ನಿಂತ ಮರ ಕಡಿಯುವಂತಿಲ್ಲ. ಮನೆಯಿಂದ ಸೌದೆ ಒಯ್ಯೋಣವೆಂದರೆ ಅದನ್ನೂ ಎಷ್ಟೋ ಕಡೆ ಬೇಡ ಅನ್ನುತ್ತಾರೆ, ಸೌದೆಯೊಳಗೆ ಕೂತ ಹುಳು ಹೊಸ ಕಾಡಿಗೆ ಇಳಿದು ಮರಗಳನ್ನೇ ಮುಗಿಸಬಲ್ಲದು. ಹಾಗಾಗಿ ಸ್ಟವ್ವೇ ಗತಿ. ಭಾವ ಎರಡೂ ಕೊಡಲಿಗಳನ್ನು ಕಣ್ಣಲ್ಲೇ ಬೀಳ್ಕೊಟ್ಟರು.

ಊಟದ ವಿಷಯದಲ್ಲೂ ತೂಕವೇ ಮುಖ್ಯ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲೂ ಪ್ರೊಟೀನಿನಲ್ಲೂ 4. ಇದನ್ನು ಓದಿದ ಗೆಳೆಯ ಗ್ರೂಪಿನಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟ: ‘ಹಾಗಾದ್ರೆ ಎಲ್ಲರಿಗೂ ಸೇರಿ ಒಂದು ಕ್ಯಾನ್ ಎಣ್ಣೆ ಸಾಕಲ್ವಾ?’ ಲೆಕ್ಕ ತಪ್ಪೇನಲ್ಲ. ಅವನು ಇನ್ನು ಮುಂದೆ ಹೆಬ್ಬೆರಳನ್ನಷ್ಟೇ ಎತ್ತಿದರೆ ಸಾಕೆಂದು ಉಳಿದವರು ಖಾಸಗಿಯಾಗಿ ಒಪ್ಪಿಕೊಂಡೆವು.

ಈ ಸಾಮಾನಿನ ರಾಶಿಯ ನಡುವೆ ಕೂತಾಗ ನನಗೆ ಎಮ್ಮಾ ಗೇಟ್‌ವುಡ್ ನೆನಪಾಗುತ್ತಾರೆ. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಹನ್ನೊಂದು ಮಕ್ಕಳ ಈ ತಾಯಿ ಅಮೆರಿಕದ ಅಪಲೇಶಿಯನ್ ಹಾದಿಯನ್ನು ತುದಿಯಿಂದ ತುದಿಗೆ ಒಬ್ಬರೇ ನಡೆದರು. 3,000 ಕಿಲೋಮೀಟರಿಗೂ ಮೀರಿದ ಹಾದಿ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆ ಬಂದರೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟಿಲ್ಲ, ಸ್ಲೀಪಿಂಗ್ ಬ್ಯಾಗಿಲ್ಲ. ಮನೆಯವರಿಗೆ ಹೇಳಿದ್ದು ಸ್ವಲ್ಪ ನಡೆದು ಬರುತ್ತೇನೆ ಎಂದಷ್ಟೇ. ಹಿಂದಿನ ವರ್ಷ ಒಮ್ಮೆ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ವಾಪಸಾಗಿದ್ದರು ಎನ್ನುವುದು ನಮ್ಮಂಥವರಿಗೆ ಒಂದು ಸಮಾಧಾನ. ಈ ಕಥೆ ಹೇಳಿದ್ದೇ ತಡ, ಹೆಂಡತಿ ನಮ್ಮ ಬಚ್ಚಲುಮನೆಯ ಪರದೆಗೆ ಯಾರೂ ಕೈ ಹಚ್ಚಕೂಡದು ಎಂದಳು. ಭಾವ ಆಗಲೇ ಅದರ ಉದ್ದ ಅಳೆಯುತ್ತಿದ್ದರು.

ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಒಂದು ಉಷ್ಣಾಂಶ ಅಚ್ಚಾಗಿರುತ್ತದೆ. ಅಷ್ಟು ಚಳಿಯಲ್ಲಿ ಹಾಯಾಗಿ ನಿದ್ದೆ ಬರುತ್ತದೆಂದು ಸೋಫಾದವನು ತಿಳಿಯುತ್ತಾನೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಚೀಟಿಯಲ್ಲಿ ‘ಕಂಫರ್ಟ್’ ಎಂದೂ ‘ಲಿಮಿಟ್’ ಎಂದೂ ಬೇರೆ ಬೇರೆ ಅಂಕಿ ಇರುತ್ತವೆ. ಮೊದಲನೆಯದು ಸಾಮಾನ್ಯ ಹೆಂಗಸೊಬ್ಬಳು ಆರಾಮವಾಗಿ ಮೈಚಾಚಿ ನಿದ್ದೆ ಮಾಡಬಹುದಾದ ಚಳಿ. ಎರಡನೆಯದು ಸಾಮಾನ್ಯ ಗಂಡಸೊಬ್ಬ ಮುದುಡಿಕೊಂಡು, ಏಳದೆ, ಎಂಟು ಗಂಟೆ ಮಲಗಬಹುದಾದ ಚಳಿ. ದೊಡ್ಡದಾಗಿ ಅಚ್ಚಾಗುವುದು ಬಹಳ ಸಲ ಈ ಎರಡನೆಯದೇ. ಹೆಂಡತಿ ಇದನ್ನು ಜೋರಾಗಿ ಓದಿದಳು. ‘ಮುದುಡಿಕೊಂಡು, ಏಳದೆ, ಎಂಟು ಗಂಟೆ! ರೀ, ಇವರು ನಿಮ್ಮನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿರಬೇಕು.’

ಅಷ್ಟಕ್ಕೂ ಆ ಚೀಲದೊಳಗೆ ಮನುಷ್ಯನಿಗೆ ಜಾಗ ಉಳಿಯುವುದು ಅನುಮಾನ. ಸ್ಟವ್ವಿನ ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯೂಟೇನು, ಪ್ರೊಪೇನು ಬೆರೆಸಿದ್ದರೂ ತಣ್ಣಗಾದ ಡಬ್ಬಿ ಬೆಳಿಗ್ಗೆ ಸೋಮಾರಿ. ಆದ್ದರಿಂದ ಗ್ಯಾಸ್ ಡಬ್ಬಿಯನ್ನು ರಾತ್ರಿ ಚೀಲದೊಳಗೆ ಇಟ್ಟುಕೊಳ್ಳಿ ಅನ್ನುತ್ತಾರೆ. ಕೊಳವೆಯಂಥ ಟೊಳ್ಳು ನೂಲುಗಳಿರುವ ನೀರಿನ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗೇ ಒಡೆದು ಕೆಲಸಕ್ಕೆ ಬಾರದಾಗುತ್ತದೆ, ಅದೂ ಒಳಗೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನೂ ಹೆಡ್‌ಲ್ಯಾಂಪೂ ಒಳಗೆ. ಒದ್ದೆ ಸಾಕ್ಸು ಮೈಶಾಖಕ್ಕೆ ಒಣಗಲೆಂದು ಒಳಗೆ. ಇಷ್ಟೆಲ್ಲ ಸಂಸಾರ ಬೆಚ್ಚಗೆ ಮಲಗಿದ ಮೇಲೆ ಮಾಲೀಕ ಹೊರಗೆ ಕೂತು ಕಾವಲು ಕಾಯಬಹುದು.

ಟೆಂಟನ್ನು ಮೊದಲು ಮನೆಯಲ್ಲೇ ಕಟ್ಟಿ ನೋಡಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಒಳ್ಳೆಯ ಸಲಹೆ. ಮೂರು ಜನರ ಟೆಂಟ್ ಅಂದರೆ ಅಲುಗದ, ಹೊರಳದ, ಸಾಮಾನಿಲ್ಲದ ಮೂರು ಜನ ಎಂದು ನಡುಮನೆಯಲ್ಲೇ ಗೊತ್ತಾಯಿತು. ಭಾವ ಒಳಗೆ ಹೋಗಿ ಜಿಪ್ ಎಳೆದುಕೊಂಡರು. ಜಿಪ್ಪಿಗೆ ಬಟ್ಟೆ ಸಿಕ್ಕಿಕೊಂಡಿತು. ಮುಂದಿನ ಅರ್ಧ ತಾಸು ಅವರು ಅಲ್ಲಿಂದಲೇ ಸಭೆ ನಡೆಸಿದರು. ಸೋಪು ಹಚ್ಚಿ ಜಿಪ್ ಬಿಡಿಸಿದಾಗ ಹೊರಬಂದವರ ಮುಖದಲ್ಲಿ ಒಂದು ಋತು ಕಳೆದ ಕಳೆ ಇತ್ತು.

ಕರಡಿ ಇರುವ ಕಾಡಾದರೆ ತಿನ್ನುವುದನ್ನೆಲ್ಲ ಗಟ್ಟಿ ಡಬ್ಬಿಯಲ್ಲಿ ಹಾಕಬೇಕು, ಇಲ್ಲವೇ ಕೊಂಬೆಗೆ ಹಗ್ಗ ಎಸೆದು ನೆಲದಿಂದ ನಾಲ್ಕು ಮೀಟರಿನಷ್ಟು ಎತ್ತರಕ್ಕೆ, ಕಾಂಡದಿಂದ ಎರಡು ಮೀಟರಿನಷ್ಟು ದೂರಕ್ಕೆ ತೂಗುಹಾಕಬೇಕು. ತಿನ್ನುವುದು ಅಂದರೆ ನಾವು ತಿನ್ನುವುದಷ್ಟೇ ಅಲ್ಲ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು, ವಾಸನೆ ಬರುವುದೆಲ್ಲವೂ. ‘ಹಾಗಾದ್ರೆ ನಿಮ್ಮ ಸಾಕ್ಸನ್ನೂ ಡಬ್ಬಿಗೇ ಹಾಕಿ’ ಎಂದು ನನ್ನ ಕಡೆ ನೋಡಿ ಹೇಳಿದವರು ಯಾರೆಂದು ಬರೆಯಬೇಕಾಗಿಲ್ಲ.

ಡಬ್ಬಿ ಇದ್ದರೂ ನಿಶ್ಚಿಂತೆ ಇಲ್ಲ. ಅಮೆರಿಕದ ಆಡಿರಾಂಡಾಕ್ ಬೆಟ್ಟಗಳಲ್ಲಿ ಯೆಲ್ಲೋ-ಯೆಲ್ಲೋ ಎಂಬ ಹೆಣ್ಣು ಕರಡಿ ಇತ್ತು. ಕಿವಿಗಳಲ್ಲಿ ಹಳದಿ ಬಿಲ್ಲೆ ಇದ್ದದ್ದರಿಂದ ಆ ಹೆಸರು. ಕರಡಿಗೆ ತೆಗೆಯಲಾಗದೆಂದೇ ಮಾಡಿದ ಡಬ್ಬಿಯ ಮುಚ್ಚಳವನ್ನು ಅದು ತೆಗೆಯಲು ಕಲಿತಿತ್ತು. ಅದನ್ನು ಸೋಲಿಸಲು ಡಬ್ಬಿಯ ವಿನ್ಯಾಸ ಬದಲಿಸಿದರೆ ಹೊಸದನ್ನೂ ತೆಗೆಯಿತು. ನಮ್ಮ ಕಡೆಯ ಸ್ಥಿತಿ ಹೇಳಬೇಕೆಂದರೆ, ಹೊಸ ಡಬ್ಬಿಯನ್ನು ಭಾವ ಮುಚ್ಚಿದವರು ಮತ್ತೆ ತೆಗೆಯಲಾರದೆ ನಾಣ್ಯ, ಚಮಚ, ಸ್ಕ್ರೂಡ್ರೈವರ್ ಎಲ್ಲ ಪ್ರಯೋಗಿಸಿದರು. ಕಾಡಿನಲ್ಲಿ ಹಸಿವಾದಾಗ ಕರಡಿ ಬಂದರೆ ಒಳ್ಳೆಯದೇ ಎನ್ನುವ ಮಾತು ಸಭೆಯಲ್ಲಿ ಬಂತು.

ಕೊನೆಗೆ ಉಳಿದದ್ದು ಎಲ್ಲರೂ ಮುಂದೂಡುತ್ತಿದ್ದ ವಿಷಯ. ನೀರಿನಿಂದಲೂ ದಾರಿಯಿಂದಲೂ ಟೆಂಟಿನಿಂದಲೂ 60 ಮೀಟರ್ ದೂರ, ಅಂದರೆ ದೊಡ್ಡವರ 70 ಹೆಜ್ಜೆ. ಅಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ. ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಬಳಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ ಹೊತ್ತು ತರುವುದು ಇನ್ನೂ ಒಳ್ಳೆಯದು. ಇದನ್ನು ಓದಿದ ಗೆಳೆಯ ಹೆಬ್ಬೆರಳು ಎತ್ತಲಿಲ್ಲ. ಗ್ರೂಪಿನ ಇತಿಹಾಸದಲ್ಲೇ ಅದು ಮೊದಲು. ‘ಎಪ್ಪತ್ತು ಹೆಜ್ಜೆ ಎಣಿಸೋಷ್ಟು ಪುರುಸೊತ್ತು ಇರುತ್ತಾ?’ ಎಂದು ಮಾತ್ರ ಕೇಳಿದ. ಇಡೀ ಯೋಜನೆಯಲ್ಲಿ ನಡೆಯುವವನ ಕಡೆಯಿಂದ ಬಂದ ಪ್ರಶ್ನೆ ಅದೊಂದೇ ಎಂದು ನನ್ನ ಅಭಿಪ್ರಾಯ.

ಹೊರಡುವ ಮುಂಚೆ ಊರಲ್ಲಿ ಉಳಿಯುವ ಒಬ್ಬರ ಕೈಗೆ ಪೂರ್ತಿ ಮಾಹಿತಿ ಬರೆದು ಕೊಡಬೇಕು: ಯಾವ ದಾರಿ, ಯಾವ ರಾತ್ರಿ ಎಲ್ಲಿ, ಕಾರಿನ ನಂಬರು, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಾದರೂ ಸುದ್ದಿ ಇಲ್ಲದಿದ್ದರೆ ಉದ್ಯಾನದ ಯಾವ ನಂಬರಿಗೆ ಫೋನ್ ಮಾಡಬೇಕು. ಕಾಡಿನೊಳಗೆ ಸಿಗ್ನಲ್ ಇರುವುದಿಲ್ಲವಾದ್ದರಿಂದ ಇದನ್ನು ತಮಾಷೆ ಮಾಡುವಂತಿಲ್ಲ. ಹುಡುಕುವವರಿಗೆ ಎಲ್ಲಿಂದ ಹುಡುಕಬೇಕೆಂದು ಈ ಕಾಗದದಿಂದಲೇ ತಿಳಿಯಬೇಕು. ನಾನು ಅಂದವಾಗಿ ಬರೆದು ಅತ್ತೆಯ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಮೇಲಿನ ಸಾಲಿನಿಂದ ನಿಧಾನವಾಗಿ ಓದಿದರು.

‘ಅಳಿಯಂದಿರೇ, ಬೆಳಿಗ್ಗೆ ಐದಕ್ಕೆ ಮನೆ ಬಿಡೋದು ಅಂತ ಬರೆದಿದ್ದೀರಿ.’

‘ಹೌದತ್ತೆ.’

‘ನೀವೂ, ನಮ್ಮ ಮಗರಾಯನೂ?’

‘ಹೌದು.’

ಅತ್ತೆ ಕೆಳಗಿನ ಫೋನ್ ನಂಬರಿನ ಮೇಲೆ ಬೆರಳಿಟ್ಟರು. ‘ಈ ಹುಡುಕೋ ಜನ ಮನೆಗೂ ಬಂದು ಎಬ್ಬಿಸ್ತಾರಾ?’