ಲೆಕ್ಕದಲ್ಲಿ ಒಂದು ಬಂತು

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ದಾವಣಗೆರೆಗೆ ಫೋನ್ ಮಾಡಿ, "ಅಜ್ಜಿ, ನಂಗೆ ಲೆಕ್ಕದಲ್ಲಿ ಒಂದು ಬಂತು" ಅಂತ ಕುಣಿದಾಡುತ್ತಾ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅಮ್ಮ ಫೋನು ನನ್ನ ಕೈಗೆ ಕೊಡಿಸಿ, "ಅಲ್ಲೋ, ಮಗೂಗೆ ಒಂದೇ ನಂಬರ್ ಬಂದೈತಂತೆ, ನೀನು ಮನೇಲಿ ಕೂರಿಸ್ಕೊಂಡು ಹೇಳಿಕೊಡಲ್ವೇನೋ?" ಅಂದರು. ಜರ್ಮನಿಯಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲು, 6 ಅಂದರೆ ತೀರಾ ಕೆಳಗೆ ಅಂತ ಅವರಿಗೆ ವಿವರಿಸೋಕೆ ಹತ್ತು ನಿಮಿಷ ಹಿಡಿಯಿತು. ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆ ಮಗು 2024ರ ಅಕ್ಟೋಬರ್‌ನಲ್ಲಿ ಇಲ್ಲಿ ಕಾಲೇಜು ಸೇರಿದಳು. ಅದೇ ವರ್ಷ ಅಕ್ಕನ ಮಗ ಊರಿನ ಕಡೆ ಇಂಜಿನಿಯರಿಂಗ್ ಸೇರಿದ. ಇಬ್ಬರನ್ನೂ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಊರಿಗೆ ಹೋದಾಗಲೆಲ್ಲ "ಯಾವ ಕಡೆ ಓದು ಒಳ್ಳೇದು ಮಾರಾಯ" ಅನ್ನುವ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರಿಗೆ ಉತ್ತರ ಆಗಲೇ ಗೊತ್ತಿರುತ್ತದೆ. ಜರ್ಮನಿ ಅಂದರೆ ಫೀಸಿಲ್ಲ, ಟೆನ್ಷನ್ ಇಲ್ಲ, ಸ್ವರ್ಗ. ಫೀಸಿನ ಮಾತು ಹೆಚ್ಚುಕಮ್ಮಿ ನಿಜ. ನಾವಿರುವ ಬವೇರಿಯಾ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕವನ್ನು 2013ರಲ್ಲಿ ತೆಗೆದುಹಾಕಿದರು, ಇಲ್ಲೇ ಶಾಲೆ ಮುಗಿಸಿದ ಮಕ್ಕಳು ಸೆಮಿಸ್ಟರಿಗೊಂದು ಸಣ್ಣ ಮೊತ್ತ ಕಟ್ಟಿದರೆ ಆಯಿತು. ಟೆನ್ಷನ್ ಇಲ್ಲ ಅನ್ನೋದು ಮಾತ್ರ ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಟೆನ್ಷನ್ ಆಗಿದ್ದು ಮಗಳಿಗೆ ಹತ್ತು ವರ್ಷ ಇದ್ದಾಗ.

ಇಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚುತ್ತಾರೆ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಆರನೇ ಕ್ಲಾಸಿನವರೆಗೆ ಕಾಯುತ್ತಾರೆ. ವಿಶ್ವವಿದ್ಯಾಲಯಕ್ಕೆ ನೇರ ದಾರಿ ಅಂದರೆ ಗಿಮ್ನಾಜಿಯಂ. ಮಧ್ಯದ್ದು ರಿಯಾಲ್‌ಶೂಲೆ. ಉಳಿದದ್ದು ಮಿಟ್ಟೆಲ್‌ಶೂಲೆ, ಅಲ್ಲಿಂದ ಹೆಚ್ಚಿನವರು ಕೆಲಸ ಕಲಿಯೋಕೆ ಹೋಗುತ್ತಾರೆ. ಬವೇರಿಯಾದಲ್ಲಿ ಇದಕ್ಕೆ ಒಂದು ಲೆಕ್ಕ ಇದೆ. ಜರ್ಮನ್ ಭಾಷೆ, ಗಣಿತ, ಮತ್ತೆ ಊರು ಪರಿಸರ ವಿಜ್ಞಾನ ಎಲ್ಲ ಸೇರಿದ ಒಂದು ಪಾಠ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಗಿಮ್ನಾಜಿಯಂ, 2.66 ತನಕ ರಿಯಾಲ್‌ಶೂಲೆ. ಮೇ ತಿಂಗಳ ಶುರುವಿನಲ್ಲಿ ಕೈಗೆ ಕಾಗದ ಬರುತ್ತದೆ. ಸರಾಸರಿ ಮುಟ್ಟದವರಿಗೆ ಮೂರು ದಿನದ ಪರೀಕ್ಷಾ ತರಗತಿ ಅಂತ ಇನ್ನೊಂದು ಅವಕಾಶ ಇದೆ, ಆದರೆ ಹತ್ತು ವರ್ಷದ ಮಗುವನ್ನು ಅದಕ್ಕೆ ದೂಡೋಕೆ ಎಲ್ಲರಿಗೂ ಮನಸ್ಸು ಬರುವುದಿಲ್ಲ.

ನನ್ನ ಮಗಳಿಗೆ 2, 2, 3 ಬಂತು. ಕೂಡಿ ಮೂರರಿಂದ ಭಾಗಿಸಿ, ಸರಿಯಾಗಿ 2.33. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ 2, 3, 3. ಇಬ್ಬರೂ ಒಂದೇ ಬೀದಿಯ ಮಕ್ಕಳು, ಒಂದೇ ಬಸ್ಸು, ಜಡೆಗೆ ಒಂದೇ ಬಣ್ಣದ ರಬ್ಬರ್ ಬ್ಯಾಂಡು. ಜರ್ಮನ್ ಭಾಷೆಯಲ್ಲಿ ಒಂದು ಅಂಕದ ವ್ಯತ್ಯಾಸ, ಅಷ್ಟೇ. ಆ ಹುಡುಗಿಯ ತಂದೆತಾಯಿಯೂ ನಮ್ಮ ಹಾಗೆ ಹೊರಗಿನಿಂದ ಬಂದವರು. ನನ್ನ ಹೆಂಡತಿ ಆ ವರ್ಷ ತಾನೇ ಜರ್ಮನ್ ಕ್ಲಾಸಿಗೆ ಸೇರಿ ಮಗಳ ಜೊತೆ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದಳು, ರಾತ್ರಿ ಹನ್ನೊಂದಕ್ಕೆ ಇಬ್ಬರೂ ಡೇರ್, ಡೀ, ದಾಸ್ ಅಂತ ಜಪ ಮಾಡೋರು. ಆ ಹುಡುಗಿಯ ತಾಯಿ ಎರಡು ಶಿಫ್ಟು ಕೆಲಸ ಮಾಡುತ್ತಿದ್ದರು. ಮಗು ಜಾಣೆಯೋ ಅಲ್ಲವೋ ಅನ್ನುವುದಕ್ಕಿಂತ ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ ಅನ್ನೋದನ್ನೇ ಈ ಲೆಕ್ಕ ಅಳೆಯುತ್ತದೆ ಅಂತ ನನಗೆ ಆವತ್ತೇ ಅನಿಸಿತ್ತು. ಈಗಲೂ ಅನಿಸುತ್ತದೆ. ನಮ್ಮ ಪಿಯುಸಿಯನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು. ಹದಿನೆಂಟಕ್ಕೆ ಜರಡಿ ಹಿಡಿಯೋದು ಕ್ರೂರ ಅಂದರೆ ಹತ್ತಕ್ಕೆ ಹಿಡಿಯೋದನ್ನು ಏನನ್ನಬೇಕು?

ಇನ್ನು ಅಕ್ಕನ ಮಗನ ವಿಷಯ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಕರಾವಳಿ ಕಡೆಯ ಒಂದು ಕಾಲೇಜಿನ ಹಾಸ್ಟೆಲಿಗೆ ಹಾಕಿದರು. ಬೆಳಗ್ಗೆ ಐದಕ್ಕೆ ಗಂಟೆ, ರಾತ್ರಿ ಹತ್ತೂವರೆಗೆ ದೀಪ ಆರಬೇಕು, ಫೋನು ವಾರ್ಡನ್ ಹತ್ತಿರ, ಮನೆಗೆ ವಾರಕ್ಕೊಂದು ಕರೆ. ಆ ಕರೆಯಲ್ಲಿ ಭಾವ ಕೇಳುತ್ತಿದ್ದದ್ದು ಒಂದೇ, "ವಾರದ ಟೆಸ್ಟಲ್ಲಿ ಎಷ್ಟು?" ಎರಡು ವರ್ಷ ಹುಡುಗ ಸಮುದ್ರದಿಂದ ಅರ್ಧ ಗಂಟೆ ದೂರದಲ್ಲಿದ್ದ, ಒಂದು ಸಲವೂ ಸಮುದ್ರ ನೋಡಲಿಲ್ಲ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು ಸಿಗುತ್ತದೆ, ಅಷ್ಟರಲ್ಲಿ ಸರಿಯಾದ ಗೋಲಕ್ಕೆ ಮಸಿ ತುಂಬಬೇಕು. ನಾನೂ 1996ರಲ್ಲಿ ಇದೇ ಹಾದಿಯಲ್ಲಿ ಬಂದವನು, ಸೀಟು ಆರಿಸಿಕೊಳ್ಳೋಕೆ ಅಪ್ಪನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ನಮ್ಮ ಕಾಲದಲ್ಲಿ ಕೊನೇಪಕ್ಷ ಸಂಜೆ ಕ್ರಿಕೆಟ್ ಆಡುತ್ತಿದ್ದೆವು.

ಗಿಮ್ನಾಜಿಯಂ ಮುಗಿಸುವಾಗ ಬರೆಯುವ ಅಬಿಟೂರ್ ಪರೀಕ್ಷೆ ಮಗಳಿಗೆ ಹೇಗಿತ್ತು ಅಂದರೆ, ಒಟ್ಟು 900 ಅಂಕದಲ್ಲಿ 600 ಕೊನೆಯ ಎರಡು ವರ್ಷದ ಕ್ಲಾಸಿನದ್ದೇ. ಅಂತಿಮ ಪರೀಕ್ಷೆಯ ಐದು ವಿಷಯಕ್ಕೆ ಬರೀ 300, ಅದರಲ್ಲೂ ಎರಡು ಬಾಯಿಮಾತಿನ ಪರೀಕ್ಷೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಕ್ಲಾಸಿನ ಅಂಕದಲ್ಲಿ ಮಾತಾಡಿದ್ದಕ್ಕೂ ಅಂಕ ಇರುತ್ತದೆ. ಕೈ ಎತ್ತಬೇಕು, ವಾದ ಮಾಡಬೇಕು, ಟೀಚರ್ ಹೇಳಿದ್ದು ತಪ್ಪು ಅನಿಸಿದರೆ ಹೇಳಬೇಕು. ನಾವು ಮಗುವಿಗೆ ಹೇಳಿಕೊಟ್ಟಿದ್ದೇನು? "ಟೀಚರ್ ಮುಂದೆ ಎದುರು ಮಾತಾಡಬೇಡ, ಸುಮ್ನೆ ಕೇಳಿಸ್ಕೋ." ಒಂಬತ್ತನೇ ಕ್ಲಾಸಿನಲ್ಲಿ ಟೀಚರ್ ನಮ್ಮನ್ನು ಕರೆಸಿ, ನಿಮ್ಮ ಮಗಳು ತುಂಬಾ ಒಳ್ಳೆಯ ಹುಡುಗಿ, ಅದೇ ತೊಂದರೆ ಅಂದರು. ಊರಲ್ಲಾಗಿದ್ದರೆ ಆ ಮಾತಿಗೆ ನಾವು ಬೀಗುತ್ತಾ ಮನೆಗೆ ಬರುತ್ತಿದ್ದೆವು.

ಕಾಲೇಜಿಗೆ ಸೇರಿದ್ದು ಮಾತ್ರ ಸಪ್ಪೆ ಕಥೆ. ಅವಳು ಆರಿಸಿಕೊಂಡಿದ್ದು ಕಂಪ್ಯೂಟರ್ ಸೈನ್ಸ್, ಅಲ್ಲಿ ಆ ಕೋರ್ಸಿಗೆ ಸೀಟಿನ ಮಿತಿ ಇರಲಿಲ್ಲ. ಅಬಿಟೂರ್ ಪ್ರಮಾಣಪತ್ರ ಅಪ್‌ಲೋಡ್ ಮಾಡಿದಳು, ಕೆಲವು ದಿನದಲ್ಲಿ ಈಮೇಲ್ ಬಂತು, ಮುಗಿಯಿತು. ರ‍್ಯಾಂಕಿಲ್ಲ, ಕೌನ್ಸೆಲಿಂಗ್ ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ. ಪೇಡ ಹಂಚೋಣ ಅಂದರೆ ಇಲ್ಲಿ ಯಾರಿಗೆ ಯಾಕೆ ಅಂತಲೇ ಅರ್ಥವಾಗುವುದಿಲ್ಲ. (ಮೆಡಿಕಲ್ ಮಾತು ಬೇರೆ, ಅದಕ್ಕೆ ಅಬಿಟೂರ್ 1ರ ಆಸುಪಾಸಿನಲ್ಲಿರಬೇಕು.) ಮೊದಲ ದಿನ ಕಾರಿನಲ್ಲಿ ಬಿಡೋಕೆ ಹೋದೆ. ಗೇಟಿಗಿಂತ ಎರಡು ಬೀದಿ ಮೊದಲೇ, "ಅಪ್ಪ, ಇಲ್ಲೇ ಇಳಿಸು, ಯಾರೂ ಅಪ್ಪನ ಜೊತೆ ಬರಲ್ಲ" ಅಂದಳು. ಕ್ಲಾಸು ಹತ್ತಕ್ಕೆ ಅಂತ ಬರೆದಿತ್ತು, ತಡವಾಯಿತಲ್ಲೇ ಅಂದರೆ, ಹತ್ತು ಅಂದರೆ ಹತ್ತೂಕಾಲು ಅಂತೆ. ವಿಶ್ವವಿದ್ಯಾಲಯಗಳಲ್ಲಿ ಹಾಗೊಂದು ಹಳೇ ಪದ್ಧತಿ. ಗಡಿಯಾರದಂಥ ಜರ್ಮನ್ನರು ಇಲ್ಲಿ ಮಾತ್ರ ನಮ್ಮವರು. ಲೆಕ್ಚರ್ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲವಂತೆ. ನೂರಾರು ಮಕ್ಕಳು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ, ಮಳೆ ಬಂದ ಹಾಗೆ ಕೇಳುತ್ತದೆ ಅಂದಳು.

ಮಳೆ ಬಂದಿದ್ದು ಫೆಬ್ರವರಿಯಲ್ಲಿ. ಗಣಿತದ ಪೇಪರ್ ಹೋಯಿತು. ನಮಗೆ ಗೊತ್ತಾಗಿದ್ದು ಮೂರು ವಾರದ ಮೇಲೆ, ಅದೂ ಅವಳೇ ಹೇಳಿದ್ದಕ್ಕೆ. ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮನಿಗೆ ಯಾರೂ ಪತ್ರ ಬರೆಯುವುದಿಲ್ಲ, ನಾನು ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಆಗಲೇ ನನಗೆ ಈ ಊರಿನ ಕಾಲೇಜು ಅರ್ಥವಾಗಿದ್ದು. ನಮ್ಮಲ್ಲಿ ಬಾಗಿಲು ಕಿರಿದು, ಹೇಗೋ ತೂರಿಕೊಂಡರೆ ಒಳಗೆ ಪಡಸಾಲೆ. ಬ್ಯಾಕ್‌ಲಾಗ್ ಉಳಿಸಿಕೊಂಡು, ಕೊನೆಗೆ ಎಲ್ಲ ಒಟ್ಟಿಗೆ ತೀರಿಸಿ ಡಿಗ್ರಿ ತಗೊಂಡ ಗೆಳೆಯರು ನನಗೆ ಬೇಕಾದಷ್ಟಿದ್ದಾರೆ. ಇಲ್ಲಿ ಬಾಗಿಲು ಅಗಲ, ಹೊಸ್ತಿಲು ದಾಟಿದ ಮೇಲೆ ಕಡಿದಾದ ಮೆಟ್ಟಿಲು. ಬಹಳ ಕೋರ್ಸ್‌ಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರನೇ ಸಲವೂ ಹೋದರೆ ಹೆಸರು ತೆಗೆದುಹಾಕುತ್ತಾರೆ, ಆಮೇಲೆ ಅದೇ ಕೋರ್ಸನ್ನು ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಓದುವಂತಿಲ್ಲ. ಈ ವಿಷಯ ಸ್ವರ್ಗದ ಕಥೆ ಹೇಳುವವರ ಬಾಯಲ್ಲಿ ನಾನು ಕೇಳಿಲ್ಲ. ಮಗನನ್ನು ಪಿಯುಸಿ ಮುಗಿಸಿ ಕಳಿಸ್ತೀನಿ ಅನ್ನುವವರಿಗೂ ಒಂದು ಮಾತು. ನೇರವಾಗಿ ಸೇರಬೇಕಾದರೆ ಪಿಯುಸಿ ಒಂದೇ ಸಾಲದು. ಊರಲ್ಲಿ ಒಂದು ವರ್ಷ ಡಿಗ್ರಿ ಓದಿ ಪಾಸಾಗಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ದಾಟಿರಬೇಕು. ಬ್ಯಾಚುಲರ್ ಕೋರ್ಸ್‌ಗಳು ಹೆಚ್ಚಿನವು ಜರ್ಮನ್‌ನಲ್ಲೇ ಇವೆ.

2, 3, 3 ಬಂದ ಆ ಗೆಳತಿ ಏನಾದಳು ಅಂತ ಕೇಳಬಹುದು. ರಿಯಾಲ್‌ಶೂಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದಳು. ಆಮೇಲೆ ಎರಡು ವರ್ಷದ ಇನ್ನೊಂದು ಶಾಲೆ, ಅದರಲ್ಲಿ ಮೊದಲ ವರ್ಷದ ಅರ್ಧ ಭಾಗ ಕಾರ್ಖಾನೆಯಲ್ಲಿ ಕೆಲಸ. ಅದೇ 2024ರ ಅಕ್ಟೋಬರ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದಳು. ಎರಡು ಬೇರೆ ದಾರಿ ಹಿಡಿದ ಮಕ್ಕಳು ಒಂದೇ ತಿಂಗಳು ಕಾಲೇಜು ಮೆಟ್ಟಿಲು ಹತ್ತಿದರು. ಹತ್ತು ವರ್ಷಕ್ಕೆ ಮಕ್ಕಳನ್ನು ಬೇರೆ ಮಾಡಿದ ವ್ಯವಸ್ಥೆಯ ಮೇಲೆ ನನಗೆ ಸಿಟ್ಟಿದೆ. ಆದರೆ ಅದು ಹಿತ್ತಲ ಬಾಗಿಲಿಗೆ ಬೀಗ ಹಾಕಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ಎಲೆಕ್ಟ್ರಿಷಿಯನ್ ಕೆಲಸ ಕಲಿತವನೂ ಮುಂದೆ ಮೈಸ್ಟರ್, ಅಂದರೆ ಆ ಕಸುಬಿನ ಮೇಲ್ಮಟ್ಟದ ಪರೀಕ್ಷೆ ಪಾಸಾದರೆ, 2009ರಿಂದ ವಿಶ್ವವಿದ್ಯಾಲಯ ಸೇರಬಹುದು.

ಇದು ನಮ್ಮಲ್ಲಿ ಇಲ್ಲದ್ದೇನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ನನ್ನ ಕ್ಲಾಸಿಗೆ ಹಾಗೆ ಬಂದ ಇಬ್ಬರು ಲೇತ್ ಮುಂದೆ ನಿಂತರೆ ನಾವು ರ‍್ಯಾಂಕಿನವರು ಬಾಯಿ ಬಿಟ್ಟು ನೋಡುತ್ತಿದ್ದೆವು. ಆದರೂ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿನೋಡಿ. "ಹುಡುಗ ಏನು ಓದ್ತಿದಾನೆ?" "ಡಿಪ್ಲೊಮಾ." "ಪಾಪ." ಆ ಒಂದು "ಪಾಪ"ಕ್ಕೆ ಹೆದರಿಯೇ ಅಕ್ಕ ಭಾವ ಸಾಲ ಮಾಡಿ ಮಗನನ್ನು ಆ ಹಾಸ್ಟೆಲಿಗೆ ಕಳಿಸಿದ್ದು. ಕೈಕೆಲಸ ಅಂದರೆ ಪ್ರಾಣ ಬಿಡುವ ಹುಡುಗ ಅವನು, ಏಳನೇ ಕ್ಲಾಸಿಗೇ ಮನೆಯ ಮಿಕ್ಸಿ ಬಿಚ್ಚಿ ಸರಿಮಾಡಿದ್ದ. ಸಿಲಬಸ್ಸು, ಬೋರ್ಡು ಎಷ್ಟು ಬದಲಾಯಿಸಿದರೂ ಆ "ಪಾಪ" ಬಾಯಿಂದ ಹೋಗುವ ತನಕ ಐದು ಗಂಟೆಯ ಗಂಟೆ ನಿಲ್ಲುವುದಿಲ್ಲ ಅಂತ ನನ್ನ ಅನಿಸಿಕೆ.

ಮಗಳು ಏಪ್ರಿಲ್‌ನಲ್ಲಿ ಗಣಿತ ಮತ್ತೆ ಬರೆದಳು. 3.7 ಬಂತು. ಇಲ್ಲಿನ ಕಾಲೇಜಿನಲ್ಲಿ 4.0 ದಾಟಿದರೆ ಫೇಲು, ಅಂದರೆ ಅಂಚಿನಲ್ಲಿ ಪಾಸು. ಅಮ್ಮನಿಗೆ ಫೋನ್ ಮಾಡಿ ಸ್ವಲ್ಪ ಅಳುಕಿನಿಂದಲೇ ಹೇಳಿದೆ. "ಮೂರು ಪಾಯಿಂಟ್ ಏಳಾ?" ಅಂದರು. "ಮೊದ್ಲು ಒಂದಿತ್ತಲ್ಲೋ. ಪರವಾಗಿಲ್ಲ, ಸುಧಾರಿಸ್ಕೊಂಡಿದಾಳೆ."