ಮಧ್ಯಯುಗದ ಯುರೋಪ್ ಕಂಡ ಆಫ್ರಿಕನ್ನರು: ಚಿತ್ರ ಮೊದಲೋ, ಬರಹ ಮೊದಲೋ?

ಪ್ರಶ್ನೆ: ಸುಮಾರು 1100ರಿಂದ 1450ರವರೆಗೆ ಯುರೋಪಿನ ಜನ ಆಫ್ರಿಕನ್ನರನ್ನು ಹೇಗೆ ಕಂಡರು ಎಂದು ತಿಳಿಯಲು ಶಿಲ್ಪ, ಚಿತ್ರ, ನಕ್ಷೆಗಳನ್ನು ಮೊದಲ ಸಾಕ್ಷಿಯಾಗಿ ಹಿಡಿಯಬಹುದೇ?

ಪರ: ಕಥೆ ಬದಲಾಗಲಿಲ್ಲ, ಮುಖ ಬದಲಾಯಿತು

ಜರ್ಮನಿಯ ಮಾಗ್ಡೆಬರ್ಗ್ ಕೆಥೆಡ್ರಲ್‌ನಲ್ಲಿ ಸಂತ ಮಾರಿಸ್‌ನ ಮರಳುಗಲ್ಲಿನ ವಿಗ್ರಹವಿದೆ. ಸುಮಾರು 1240–50ರದು. ಕಾಲುಗಳ ಕೆಳಭಾಗ ಮುರಿದಿದೆ, ಕೈಯಲ್ಲಿದ್ದ ಈಟಿ ಈಗಿಲ್ಲ. ಮುಖ ಮಾತ್ರ ಹಾಗೇ ಉಳಿದಿದೆ. ತಲೆ, ಗಲ್ಲ, ಕೊರಳನ್ನು ಮುಚ್ಚಿದ ಸರಪಳಿ ಕವಚದ ನಡುವೆ, ಅಂಗೈಯಗಲದ ಜಾಗದಲ್ಲಿ ಕಣ್ಣು, ಅಗಲವಾದ ಮೂಗು, ತುಂಬಿದ ತುಟಿ. ಅದರ ಮೇಲೆ ಕಪ್ಪು ಬಣ್ಣ. ಆ ಬಣ್ಣವನ್ನು ಪೂರ್ತಿ ಕೆರೆದು ತೆಗೆದರೂ ಮುಖ ಆಫ್ರಿಕನ್ನನದೇ ಆಗಿರುತ್ತದೆ. ಸಿದ್ಧ ಅಚ್ಚಿನ ಮುಖಕ್ಕೆ ಮಸಿ ಬಳಿದು ಮುಗಿಸಿದ ಕೆಲಸ ಇದಲ್ಲ. ಕೆತ್ತಿದವನು ಇಂಥ ಮುಖವನ್ನು ಹತ್ತಿರದಿಂದ ನೋಡಿರಲೇಬೇಕು.

ಮಾರಿಸ್‌ನ ಕಥೆ ಹಳೆಯದು. ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ಸೈನ್ಯದಳದ ನಾಯಕ; ಮೂರನೆಯ ಶತಮಾನದ ಕೊನೆಯಲ್ಲಿ ಈಗಿನ ಸ್ವಿಟ್ಜರ್ಲೆಂಡ್‌ನ ಅಗೌನಮ್‌ನಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟನೆಂದು ಪ್ರತೀತಿ. 937ರಲ್ಲಿ ಜರ್ಮನ್ ಅರಸ ಒಂದನೆಯ ಒಟ್ಟೊ ಅವನ ಹೆಸರಲ್ಲಿ ಮಾಗ್ಡೆಬರ್ಗ್‌ನಲ್ಲಿ ಮಠ ಕಟ್ಟಿಸಿದ. ಅಲ್ಲಿಂದ ಮುನ್ನೂರು ವರ್ಷ ಅವನನ್ನು ಬಿಳಿಯ ಸೈನಿಕನಾಗಿಯೇ ಚಿತ್ರಿಸುತ್ತ ಬಂದರು. ಕಥೆ ಅದೇ, ಹಬ್ಬದ ದಿನ ಅದೇ, ಪ್ರಾರ್ಥನೆ ಅದೇ. 1240ರ ಹೊತ್ತಿಗೆ ಕಲ್ಲಿನಲ್ಲಿ ಮುಖ ಬದಲಾಯಿತು. ಬರಹಗಳನ್ನು ಮಾತ್ರ ಓದುವವರಿಗೆ ಈ ತಿರುವು ಕಣ್ಣಿಗೇ ಬೀಳುವುದಿಲ್ಲ. ಚಿತ್ರದಿಂದಲೇ ಶುರು ಮಾಡಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ತಿರುವಿನ ಕಾಲವನ್ನೂ ಗಮನಿಸಿ. ಜರ್ಮನಿಯೂ ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಆಗ ಚಕ್ರವರ್ತಿಯಾಗಿದ್ದವನು ಎರಡನೆಯ ಫ್ರೆಡರಿಕ್. ಸಿಸಿಲಿಯಲ್ಲಿ ಬೆಳೆದವನು. ಅವನ ಆಸ್ಥಾನದಲ್ಲಿ ಕರಿಯ ವಾದ್ಯಗಾರರಿದ್ದರು; ದಾಸಿಯ ಮಗನಾಗಿ ಹುಟ್ಟಿದ ಯೊಹಾನೆಸ್ ಮೌರಸ್ ಅಲ್ಲೇ ದೊಡ್ಡ ಅಧಿಕಾರಿಯ ಹುದ್ದೆಗೆ ಏರಿದ. ದೂರದ ಜನರೂ ತನ್ನ ಛತ್ರದಡಿ ಇದ್ದಾರೆಂದು ತೋರಿಸಿಕೊಳ್ಳುವ ಸಾಮ್ರಾಜ್ಯಕ್ಕೆ ಕಪ್ಪು ಮಾರಿಸ್ ಒಪ್ಪುವ ಸಂತ.

ನಕ್ಷೆಗಳಿಗೂ ಇದೇ ಮಾತು. ಇಂಗ್ಲೆಂಡಿನ ಹೆರೆಫರ್ಡ್ ನಕ್ಷೆ ಸುಮಾರು 1300ರದು, ಒಂದೇ ಕರುವಿನ ಚರ್ಮದ ಮೇಲೆ ಬರೆದದ್ದು. ಅದರ ದಕ್ಷಿಣದ ಅಂಚಿನುದ್ದಕ್ಕೂ ಎದೆಯಲ್ಲಿ ಮುಖವಿರುವವರು, ಇನ್ನೂ ಎಂಥೆಂಥವೋ ವಿಚಿತ್ರ ಜನ. ಯುರೋಪ್, ಆಫ್ರಿಕಾ ಎಂಬ ಹೆಸರುಗಳೇ ಅಲ್ಲಿ ಅದಲುಬದಲಾಗಿವೆ. 1375ರಲ್ಲಿ ಮಯೋರ್ಕಾ ದ್ವೀಪದಲ್ಲಿ ಸಿದ್ಧವಾದ ಕ್ಯಾಟಲನ್ ಅಟ್ಲಾಸ್‌ನಲ್ಲಿ ಅದೇ ಆಫ್ರಿಕಾ ಬೇರೆಯೇ ಆಗಿದೆ. ಮಾಲಿಯ ಅರಸ ಮನ್ಸಾ ಮೂಸಾ ಚಿನ್ನದ ಕಿರೀಟ ಇಟ್ಟು ಸಿಂಹಾಸನದಲ್ಲಿ ಕುಳಿತಿದ್ದಾನೆ, ಕೈಯಲ್ಲಿ ದುಂಡನೆಯ ಚಿನ್ನದ ಗಟ್ಟಿ. ಎದುರಿನಿಂದ ಮುಖಕ್ಕೆ ಬಟ್ಟೆ ಸುತ್ತಿದ ಒಂಟೆ ಸವಾರ ಬರುತ್ತಿದ್ದಾನೆ. ಪಕ್ಕದ ಒಕ್ಕಣೆ ಮೂಸಾನನ್ನು ಆ ಸೀಮೆಯಲ್ಲೆಲ್ಲ ಅತ್ಯಂತ ಶ್ರೀಮಂತ ದೊರೆ ಎನ್ನುತ್ತದೆ. ಎರಡರ ನಡುವಿನ ಅಂತರ ಸುಮಾರು 75 ವರ್ಷ. ಒಂದು ಸೃಷ್ಟಿಯ ಕಥೆ ಹೇಳಲು ಮಾಡಿದ್ದು, ಇನ್ನೊಂದು ಸಹಾರಾದ ಚಿನ್ನದ ವ್ಯಾಪಾರ ಗೊತ್ತಿದ್ದ ಬಂದರಿನಲ್ಲಿ ಮಾಡಿದ್ದು. ‘ಯುರೋಪಿನ ನೋಟ’ ಎಂಬ ಒಂದೇ ನೋಟ ಇರಲಿಲ್ಲ ಎನ್ನಲು ಇವೆರಡನ್ನು ಅಕ್ಕಪಕ್ಕ ಇಟ್ಟರೆ ಆಯಿತು.

ಹಾಗೆಂದು ಕಂಡದ್ದನ್ನೆಲ್ಲ ನಂಬಬಾರದು. ಯಾವುದೇ ಮೂರ್ತಿ ಮೊದಲು ಎಲ್ಲಿತ್ತು, ಪೂಜೆಯ ಜಾಗದಲ್ಲೋ ಕಂಬದ ತುದಿಯಲ್ಲೋ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ಉಡುಪು, ಆಯುಧ ಯಾವ ದರ್ಜೆಯವು ಎಂದು ನೋಡಬೇಕು. ಅದೇ ಕಾರ್ಯಾಗಾರದಲ್ಲಿ ಕೆತ್ತಿದ ಇತರ ಮುಖಗಳೊಂದಿಗೆ ಹೋಲಿಸಬೇಕು. ಎಲ್ಲ ಮುಖಗಳಿಗೂ ಅಗಲ ಮೂಗೇ ಇದ್ದರೆ ಅದು ಆ ಶಿಲ್ಪಿಯ ಕೈಯ ರೂಢಿ, ಆಫ್ರಿಕಾದ ಗುರುತಲ್ಲ. ಈ ಹೋಲಿಕೆಯನ್ನು ಬಿಟ್ಟವರೇ ಹೆಚ್ಚು ಎಡವುವುದು.

ವಿರೋಧ: ಮುಖ ಕಪ್ಪಾದದ್ದು ಹೇಗೆ ಎಂದು ಮೊದಲು ಕೇಳಿ

ಮಾಗ್ಡೆಬರ್ಗ್ ಅಪರೂಪದ ಉದಾಹರಣೆ. ಅಷ್ಟು ಸ್ಪಷ್ಟವಾದ ಒಂದು ವಿಗ್ರಹ ಇದೆಯೆಂದು ಚಿತ್ರಗಳ ಇಡೀ ರಾಶಿಯನ್ನು ನಂಬಲಾಗದು.

ಮೊದಲ ತೊಡಕು ಬಣ್ಣದ್ದೇ. ಹಸ್ತಪ್ರತಿಗಳಲ್ಲಿ ಚರ್ಮದ ಬಣ್ಣಕ್ಕೆ ಸೀಸದ ಬಿಳಿ ಬೆರೆಸುತ್ತಿದ್ದರು. ಗಾಳಿಯಲ್ಲಿನ ಗಂಧಕದ ಅಂಶ ತಾಗಿದರೆ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಬೆಳ್ಳಗೆ ಬರೆದ ದೇವದೂತ ಏಳುನೂರು ವರ್ಷದ ಬಳಿಕ ಕರಿಯನಂತೆ ಕಾಣುತ್ತಾನೆ. ಆದ್ದರಿಂದ ಮುಖ ನೋಡಿದ ಕೂಡಲೇ ಅದೇ ಪುಟದ ಕೈಗಳನ್ನು, ಬಿಳಿ ಬಟ್ಟೆಯ ಮಡಿಕೆಗಳನ್ನು, ಕಣ್ಣಿನ ಬಿಳುಪನ್ನು ನೋಡಬೇಕು. ಬೆಳಕು ಬೀಳುವ ಉಬ್ಬುಗಳಾದ ಮೂಗಿನ ತುದಿ, ಹಣೆ, ಕೆನ್ನೆ ಹೆಚ್ಚು ಕಪ್ಪಾಗಿದ್ದು, ಗುಳಿಗಳು ತಿಳಿಯಾಗಿದ್ದರೆ ಅದು ರಸಾಯನದ ಕೆಲಸ. ಬಣ್ಣದಲ್ಲಿ ಯಾವ ಧಾತುಗಳಿವೆ ಎಂದು ತೋರಿಸುವ ಎಕ್ಸ್-ರೇ ಫ್ಲೋರೆಸೆನ್ಸ್ ಪರೀಕ್ಷೆಯಲ್ಲಿ ಸೀಸ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ತೀರ್ಮಾನವಾಗದು. ಮೂಲದಲ್ಲೇ ಕಪ್ಪು ಬಳಿಯಲು ಬಳಸಿದ ದೀಪದ ಮಸಿಯ ಇಂಗಾಲ ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಸೂಕ್ಷ್ಮದರ್ಶಕದಡಿ ಪದರಗಳನ್ನು ನೋಡದೆ ಬರೆದ ಲೇಖನವನ್ನು ನಾನು ನಂಬುವುದಿಲ್ಲ.

ಬಣ್ಣ ಮೂಲದ್ದೇ ಎಂದು ಖಚಿತವಾದರೂ ಅದು ಯಾರನ್ನು ತೋರಿಸುತ್ತದೆ? ಸಂತರನ್ನು ಹಿಂಸಿಸುವವರನ್ನು, ಸೈತಾನನನ್ನು ಪಾಪದ ಗುರುತಾಗಿ ಕಪ್ಪು ಇಲ್ಲವೇ ನೀಲಿ ಬಳಿದದ್ದುಂಟು. ಹಾಗೆ ಬಳಿಯಲು ಚಿತ್ರಕಾರ ಒಬ್ಬ ಆಫ್ರಿಕನ್ನನನ್ನೂ ನೋಡಿರಬೇಕಿರಲಿಲ್ಲ. ಕಪ್ಪಿನ ಬಗ್ಗೆ ಇದ್ದ ಕಲ್ಪನೆ ಒಂದು, ಕರಿಯ ಮನುಷ್ಯರ ಬಗ್ಗೆ ಇದ್ದ ನೋಟ ಇನ್ನೊಂದು. ಒಂದು ಇನ್ನೊಂದಕ್ಕೆ ವಿಷ ಉಣಿಸಿತು ನಿಜ. ಆದರೆ ಎರಡನ್ನೂ ಕಲಸಿದರೆ ವಿಷ ಎಲ್ಲಿಂದ ಬಂತೆಂದೇ ತಿಳಿಯದು.

ಬರಹದಲ್ಲಿ ಈ ವಿಷದ ಜಾಡು ಒಂದೊಂದು ಪದದಲ್ಲೂ ಸಿಗುತ್ತದೆ. ಬೈಬಲಿನ ಪರಮಗೀತದಲ್ಲಿ ವಧು ತನ್ನನ್ನು ಕಪ್ಪು ಎಂದೂ ಚೆಲುವೆ ಎಂದೂ ಕರೆದುಕೊಳ್ಳುತ್ತಾಳೆ. ಹೀಬ್ರೂ ಮೂಲದ ಜೋಡಣೆಯ ಪದಕ್ಕೆ ‘ಮತ್ತು’ ಎಂದೂ ‘ಆದರೆ’ ಎಂದೂ ಅರ್ಥ ಬರುತ್ತದೆ. ಗ್ರೀಕ್ ಅನುವಾದ ‘ಮತ್ತು’ ಎಂದಿತು. ಮಧ್ಯಯುಗದ ಮಠಗಳು ಓದಿದ ಲ್ಯಾಟಿನ್ ಪಾಠ ‘ಸೆಡ್’ ಎಂದಿತು, ಅಂದರೆ ‘ಆದರೆ’. ಕಪ್ಪು, ಆದರೆ ಚೆಲುವೆ. ಆ ಒಂದು ಪದವನ್ನಿಟ್ಟುಕೊಂಡು ಶತಮಾನಗಳ ಕಾಲ ವ್ಯಾಖ್ಯಾನ ಬರೆದರು.

ಪದಗಳಿಗೂ ತೊಡಕಿದೆ, ಒಪ್ಪುತ್ತೇನೆ. ಲ್ಯಾಟಿನ್ ಬರಹಗಳ ‘ಏಥಿಯೊಪ್ಸ್’ ಎಂದರೆ ಇಂದಿನ ಇಥಿಯೋಪಿಯಾದವನೇ ಆಗಬೇಕಿಲ್ಲ; ‘ಮೌರಸ್’ ಮುಸ್ಲಿಮನಿರಬಹುದು, ಕರಿಯನಿರಬಹುದು, ಎರಡೂ ಇರಬಹುದು; ‘ಇಂಡಿಯಾ’ ಎಂದು ಬರೆದು ಇಥಿಯೋಪಿಯಾವನ್ನೇ ಉದ್ದೇಶಿಸಿದ ಬರಹಗಳಿವೆ. (ದಕ್ಖನ್ನಿನ ಇತಿಹಾಸ ಓದಿದವರಿಗೆ ಇದು ಹೊಸದಲ್ಲ: ‘ಹಬಶಿ’ ಎಂಬ ಪದವನ್ನು ಅಬಿಸೀನಿಯಾದ, ಅಂದರೆ ಇಥಿಯೋಪಿಯಾದ, ಆಚೆಯ ಆಫ್ರಿಕನ್ನರಿಗೂ ಬಳಸುತ್ತಿದ್ದರು.) ಆದರೆ ಬರಹದಲ್ಲಿ ಒಂದು ಸಾಲು ಹಿಂದೆ, ಒಂದು ಸಾಲು ಮುಂದೆ ಓದಿ ಅರ್ಥ ಹಿಡಿಯಬಹುದು. ಕಂಬದ ಮೇಲಿನ ತಲೆಗೆ ಹಿಂದುಮುಂದಿನ ಸಾಲಿಲ್ಲ.

ನಿಜವಾಗಿ ಎದುರಾದವರು ಏನು ಕಂಡರು? ಫ್ರೆಂಚ್ ಸೈನಿಕ ರಾಬರ್ಟ್ ದ ಕ್ಲಾರಿ 1203ರಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯ ಪ್ರಸಂಗವೊಂದನ್ನು ದಾಖಲಿಸಿದ್ದಾನೆ. ಕರಿಯ ಅರಸನೊಬ್ಬ ಬಂದ. ಹಣೆಯ ನಡುವೆ ಸುಟ್ಟು ಒತ್ತಿದ ಶಿಲುಬೆ. ಚಕ್ರವರ್ತಿ ಎದ್ದು ಹೋಗಿ ಮರ್ಯಾದೆ ಮಾಡಿದ. ತನ್ನ ದೇಶ ಜೆರುಸಲೇಮಿನಿಂದ ನೂರು ದಿನದ ದಾರಿ, ಅರವತ್ತು ಜನರೊಡನೆ ಹೊರಟೆ, ಜೆರುಸಲೇಮಿಗೆ ಹತ್ತು ಜನ ಮುಟ್ಟಿದರು, ಇಲ್ಲಿಗೆ ಇಬ್ಬರು ಎಂದು ಅರಸ ಹೇಳಿದನಂತೆ. ಸುತ್ತ ನಿಂತ ಸರದಾರರು ಬೆರಗಾಗಿ ನೋಡಿದರು ಎಂದೂ ಬರೆದಿದ್ದಾನೆ. ನೋಟವೆಂದರೆ ಇದು: ನೋಡುವವರು ಯಾರು, ಯಾವಾಗ, ಎಷ್ಟು ಹತ್ತಿರದಿಂದ ಎಂಬುದೆಲ್ಲ ಇಲ್ಲಿ ಸಿಗುತ್ತದೆ.

ಇದಕ್ಕಿಂತ ಕಠೋರವಾದ ಬರಹಗಳೂ ಇವೆ. ಜಿನೋವಾ, ಬಾರ್ಸಿಲೋನಾಗಳ ನೋಟರಿಗಳು ಬರೆದ ಗುಲಾಮರ ಕ್ರಯಪತ್ರಗಳಲ್ಲಿ ಹೆಸರು, ವಯಸ್ಸು, ಮೈಬಣ್ಣ, ಬೆಲೆ ಸಾಲಾಗಿ ನಿಲ್ಲುತ್ತವೆ. ಬಣ್ಣದ ಕಲಮು ನೋಟರಿಯ ಕಣ್ಣಳತೆ, ಹುಟ್ಟಿದೂರಿನ ಪುರಾವೆಯಲ್ಲ. ಈ ಎಚ್ಚರ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. 1444ರ ಆಗಸ್ಟ್ 8ರಂದು ಪೋರ್ಚುಗಲ್‌ನ ಲಾಗೋಸ್ ಬಳಿ ಆಫ್ರಿಕಾದಿಂದ ತಂದ 235 ಸೆರೆಯಾಳುಗಳನ್ನು ಬಯಲಿನಲ್ಲಿ ನಿಲ್ಲಿಸಿ ಪಾಲು ಮಾಡಿದರು. ಚರಿತ್ರೆಕಾರ ಜುರಾರಾ ಅವರನ್ನು ಬಿಳುಪಾದವರು, ನಸುಗಪ್ಪಿನವರು, ಪೂರ್ತಿ ಕಪ್ಪಾದವರು ಎಂದು ವಿಂಗಡಿಸಿ, ಕೊನೆಯವರನ್ನು ಕುರೂಪಿಗಳೆಂದು ಬರೆದ. ಅದೇ ಪುಟದಲ್ಲಿ ಮಕ್ಕಳನ್ನು ಬಿಗಿದಪ್ಪಿಕೊಂಡು ನೆಲಕ್ಕೆ ಬಿದ್ದ ತಾಯಂದಿರನ್ನು ಕಂಡು ಮರುಗಿದ. ರಾಜಕುಮಾರ ಹೆನ್ರಿಯ ಐದನೆಯ ಒಂದು ಪಾಲಿಗೆ ಬಂದವರು 46 ಜನ. ಮರುಕವೂ ತಿರಸ್ಕಾರವೂ ಒಂದೇ ಕೈಯಿಂದ ಹರಿದ ಇಂಥ ಪುಟಕ್ಕೆ ಸಮನಾದ ಚಿತ್ರವನ್ನು ಆ ಕಾಲದ್ದೆಂದು ಯಾರೂ ನನಗೆ ತೋರಿಸಿಲ್ಲ.

ಹತ್ತೇ ವರ್ಷ ದಾಟುವಷ್ಟರಲ್ಲಿ, 1455ರಲ್ಲಿ, ಬಾರ್ಸಿಲೋನಾದ ಬಿಡುಗಡೆ ಪಡೆದ ಕರಿಯರು ತಮ್ಮದೇ ಧಾರ್ಮಿಕ ಸಂಘಕ್ಕೆ ಅರಸನ ಅನುಮತಿ ಪಡೆದರು. ನೋಡಿಸಿಕೊಂಡವರು ತಮ್ಮ ಹೆಸರಿನಲ್ಲೇ ಕಾಣಿಸಿಕೊಳ್ಳುವುದು ಇಂಥ ಕಾಗದಗಳಲ್ಲಿ.